ಚಾಸಿ ಉಳಿದರೆ ಕಾರು ಉಳಿದಂಗೆ: ಬೆಂಗಳೂರಿನ ಹಳೇ ‘ಡಾಲ್ಫಿನ್’ ಮತ್ತೆ ರಸ್ತೆಗಿಳಿಯಬೇಕಾದರೆ ಏನೇನು ಆಗಬೇಕು?

ಕೊಡಿಗೇನಹಳ್ಳಿ: ಹಳೇ ಗಾಡಿ ಕೊಳ್ಳಲು ಹೋದವರು ಮೊದಲು ನೋಡೋದು ಬಣ್ಣ, ಆಮೇಲೆ ಸೀಟು, ಕೊನೆಗೆ ಇಂಜಿನ್ ಸದ್ದು. ಚಾಸಿ ನೋಡೋರು ಬಹಳ ಕಮ್ಮಿ. ಅದನ್ನು ನೋಡಬೇಕಾದರೆ ಬಟ್ಟೆ ಮಣ್ಣಾದರೂ ಚಿಂತೆಯಿಲ್ಲ ಅಂತ ನೆಲದ ಮೇಲೆ ಅಂಗಾತ ಮಲಗಿ, ಟಾರ್ಚ್ ಹಿಡಿದು ಗಾಡಿ ಅಡಿಗೆ ತೂರಬೇಕು. ಆದರೆ ಹಳೇ ಕಾರನ್ನು ಮತ್ತೆ ಕಟ್ಟಿ ನಿಲ್ಲಿಸೋ ಕೆಲಸದಲ್ಲಿ ದುಡ್ಡು ಉಳಿಯೋದೂ ಅಲ್ಲೇ, ಮುಳುಗೋದೂ ಅಲ್ಲೇ. ಕಾರಿನ ಭಾರವನ್ನೆಲ್ಲ ಹೊರುವುದು ಚಾಸಿ. ಕಾನೂನಿನ ಲೆಕ್ಕದಲ್ಲಂತೂ ಕಾರು ಅಂದರೆ ಅದರ ಮೇಲೆ ಒತ್ತಿರುವ ನಂಬರು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆ ಒಣಹವೆ. ಕರಾವಳಿಯಷ್ಟು ಬೇಗ ಇಲ್ಲಿ ಕಬ್ಬಿಣ ತುಕ್ಕು ಹಿಡಿಯಲ್ಲ. ಹಾಗಾಗಿ ತೋಟದ ಮನೆಯ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ವರ್ಷಗಟ್ಟಲೆ ನಿಂತ ಗಾಡಿಯಲ್ಲೂ ಜೀವ ಉಳಿದಿರುವುದುಂಟು. ಆದರೆ ಅದು ಎಲ್ಲಿ ನಿಂತಿತ್ತು ಅನ್ನೋದನ್ನು ಕೇಳಿ ತಿಳಿಯಬೇಕು. ದನದ ಕೊಟ್ಟಿಗೆ ಪಕ್ಕ ನಿಂತಿದ್ದರೆ ಗಂಜಲದ ತೇವ, ಗೊಬ್ಬರದ ಮೂಟೆ ಪಕ್ಕ ನಿಂತಿದ್ದರೆ ಯೂರಿಯಾ ಪುಡಿ, ಎರಡೂ ಚಾಸಿಯನ್ನು ಸದ್ದಿಲ್ಲದೆ ತಿನ್ನುತ್ತವೆ. ಜೊತೆಗೆ ವೈರ್ ಕಡಿಯೋ ಇಲಿ ಬೇರೆ.

ಈ ಕೆಲಸ ಹೇಗೆ ನಡೆಯುತ್ತೆ ಅಂತ ತಿಳಿಯಲು ನಮ್ಮ ರಾಜ್ಯದಲ್ಲೇ ತಯಾರಾದ ಕಾರೊಂದು ಒಳ್ಳೇ ಉದಾಹರಣೆ. ಅದು ಸಿಪಾನಿ ಡಾಲ್ಫಿನ್.

ಬೆಂಗಳೂರಿನ ಕಾರು, ಇಂಗ್ಲೆಂಡಿನ ಬೇರು

ಬೆಂಗಳೂರಿನ ಸಿಪಾನಿ ಕಂಪನಿ ಮೊದಲು ‘ಬಾದಲ್’ ಅನ್ನೋ ಮೂರು ಚಕ್ರದ ಫೈಬರ್ ಕಾರು ಮಾಡಿತ್ತು. 1982ರಲ್ಲಿ ಡಾಲ್ಫಿನ್ ತಂದಿತು. ಇಂಗ್ಲೆಂಡಿನ ರಿಲಯಂಟ್ ಕಂಪನಿ (ಅಂಬಾನಿಯವರ ರಿಲಯನ್ಸ್ ಅಲ್ಲ) 1975ರಿಂದ 1982ರವರೆಗೆ ಮಾಡುತ್ತಿದ್ದ ‘ಕಿಟನ್’ ಕಾರೇ ಇದರ ಮೂಲ. ಎರಡು ಬಾಗಿಲು, 848 ಸಿಸಿಯ ಅಲ್ಯೂಮಿನಿಯಂ ಇಂಜಿನ್, ಹಿಂದಿನ ಚಕ್ರಕ್ಕೆ ಎಳೆತ, ಕಬ್ಬಿಣದ ಚಾಸಿ, ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಫೈಬರ್ ಬಾಡಿ. ಕಂಪನಿ ಇದನ್ನು ಸ್ಪೋರ್ಟ್ಸ್ ಕಾರು ಅಂತ ಮಾರಲಿಲ್ಲ, ಸಂಸಾರಸ್ಥರ ಸಣ್ಣ ಕಾರು ಅಂತಲೇ ಮಾರಿತು. ಆದರೆ ಅಂಬಾಸಿಡರ್, ಫಿಯಟ್‌ಗಳ ಮುಂದೆ ಇದು ಬಹಳ ಹಗುರ. ಆ ಕಾರಣಕ್ಕೆ ರೇಸಿನವರು, ರ‍್ಯಾಲಿಯವರು ಇದನ್ನು ಹುಡುಕಿಕೊಂಡು ಹೋದರು, ಗೆದ್ದರು ಕೂಡ. ಇವತ್ತಿಗೂ ಡಾಲ್ಫಿನ್ ಹೆಸರು ಹೇಳಿದರೆ ಕಣ್ಣರಳಿಸುವವರು ಹೆಚ್ಚಾಗಿ ಆ ಬಳಗದವರೇ.

ಮಾರುಕಟ್ಟೆ ಮಾತ್ರ ಕೈಹಿಡಿಯಲಿಲ್ಲ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು, ಜನ ಅತ್ತ ತಿರುಗಿದರು. ಸಿಪಾನಿ ಆಮೇಲೆ ‘ಮೊಂಟಾನಾ’ ಅನ್ನೋ ಹೆಚ್ಚು ಬಾಗಿಲಿನ ಕಾರು ತಂದಿತು, 1990ರ ದಶಕದಲ್ಲಿ ರೋವರ್ ಮಾಂಟೆಗೋ ಜೋಡಿಸಿ ಮಾರಿ ನೋಡಿತು, ಕೊನೆಗೆ ಬಾಗಿಲು ಹಾಕಿತು. ಹಾಗಾಗಿ ಇವತ್ತು ಡಾಲ್ಫಿನ್‌ಗೆ ಶೋರೂಂ ಇಲ್ಲ, ಕಂಪನಿ ಸರ್ವಿಸ್ ಇಲ್ಲ. ಇರೋದು ಮೆಕ್ಯಾನಿಕ್‌ನ ಕೈ, ಲೇತ್ ಅಂಗಡಿ, ಗುಜರಿ ಮತ್ತು ತಾಳ್ಮೆ.

ಯಾವ ಕಾರಿಗೆ ಚಾಸಿ, ಯಾವುದಕ್ಕಿಲ್ಲ

ಜೀಪು, ಬೊಲೆರೊ, ಟಾಟಾ 407, ಇವಕ್ಕೆಲ್ಲ ಅಡಿಯಲ್ಲಿ ಏಣಿಯಂಥ ಪ್ರತ್ಯೇಕ ಚಾಸಿ ಇದೆ. ಬಾಡಿ ಬಿಚ್ಚಿ ಪಕ್ಕಕ್ಕಿಟ್ಟರೂ ಇಂಜಿನ್, ಚಕ್ರ, ಸ್ಟಿಯರಿಂಗ್ ಚಾಸಿ ಮೇಲೇ ನಿಂತಿರುತ್ತವೆ. ಅಂಬಾಸಿಡರ್, ಫಿಯಟ್, ಮಾರುತಿ 800 ಹಾಗಲ್ಲ. ಅವುಗಳ ಬಾಡಿಯ ತಗಡೇ ಚಾಸಿ. ಅಂಥ ಕಾರಿನ ತಳ ಕೊಳೆತರೆ ಇಡೀ ಬಾಡಿಗೇ ಶಸ್ತ್ರಚಿಕಿತ್ಸೆ.

1960ರ ದಶಕದಲ್ಲಿ ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೂ ಪ್ರತ್ಯೇಕ ಚಾಸಿ ಇತ್ತು. ಅದೇ ಹೆರಾಲ್ಡ್ ಚಾಸಿಯನ್ನು ಗಿಡ್ಡ ಮಾಡಿ ಇಂಗ್ಲೆಂಡಿನ ಟ್ರಯಂಫ್ ಕಂಪನಿ 1962ರಲ್ಲಿ ‘ಸ್ಪಿಟ್‌ಫೈರ್’ ಅನ್ನೋ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಮಾಡಿತು. ಚಾಸಿಯಿಂದ ಶುರುಮಾಡಿ ಕಟ್ಟೋದು ಅನ್ನೋ ಮಾತು ಸರಿಹೊಂದೋದು ಇಂಥ ಗಾಡಿಗಳಿಗೆ.

ಡಾಲ್ಫಿನ್‌ನಂಥ ಕಾರಿನ ಮೋಸ ಏನಪ್ಪಾ ಅಂದರೆ, ಫೈಬರ್ ಬಾಡಿ ತುಕ್ಕು ಹಿಡಿಯಲ್ಲ. ನಲವತ್ತು ವರ್ಷ ಆದರೂ ಮೇಲ್ನೋಟಕ್ಕೆ ಚೆನ್ನಾಗೇ ಕಾಣುತ್ತೆ. ಕೆಳಗೆ ಚಾಸಿ ಹಪ್ಪಳದಂತೆ ಆಗಿದ್ದರೂ ಮೇಲೆ ಗೊತ್ತಾಗಲ್ಲ. ಹಾಗಾಗಿ ಕೊಳ್ಳುವ ಮುಂಚೆ ಒಂದು ಸಣ್ಣ ಸುತ್ತಿಗೆ, ಒಂದು ಸ್ಕ್ರೂಡ್ರೈವರ್ ಜೊತೆಗಿರಲಿ. ಸುತ್ತಿಗೆ ತಟ್ಟಿದಾಗ ಗಟ್ಟಿ ಕಬ್ಬಿಣ ‘ಟಣ್’ ಅನ್ನುತ್ತೆ, ಕೊಳೆತದ್ದು ‘ದಬ್’ ಅನ್ನುತ್ತೆ. ಸ್ಪ್ರಿಂಗ್ ಕೂರುವ ಜಾಗ, ಬಾಡಿ ಬೋಲ್ಟಿನ ಸುತ್ತ, ಕೆಸರು ಸೇರಿಕೊಳ್ಳುವ ಮೂಲೆಗಳಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಬೇಕು. ಒಳಕ್ಕೆ ಹೋದರೆ ಬೆಲೆ ಇಳಿಸಿ ಕೇಳಿ, ಇಲ್ಲವೇ ಕೈಮುಗಿದು ವಾಪಸ್ ಬನ್ನಿ. ಹೊಸದಾಗಿ ದಪ್ಪನೆ ಕಪ್ಪು ಟಾರ್ ಬಳಿದ ಚಾಸಿ ಕಂಡರೆ ಇನ್ನೂ ಹುಷಾರು.

ಬಾಡಿ ಎತ್ತುವ ಮೊದಲು

ಗ್ಯಾರೇಜಿನಲ್ಲಿ ಓನರ್ ಕೇಳೋ ಮೊದಲ ಮಾತು ಸಾಮಾನ್ಯವಾಗಿ ಇದು: “ಅಣ್ಣ, ಅಷ್ಟೆಲ್ಲಾ ಯಾಕೆ ಬಿಚ್ಚಬೇಕು? ಮೇಲ್ಗಡೆ ಬಣ್ಣ ಹೊಡ್ಸಿ, ಇಂಜಿನ್ ಬೋರ್ ಮಾಡ್ಸಿದ್ರೆ ಸಾಲ್ದಾ?” ಚಾಸಿ ಗಟ್ಟಿ ಇದ್ದರೆ ಸಾಕು. ಇಲ್ಲದಿದ್ದರೆ ಬಣ್ಣದ ದುಡ್ಡು ನೀರಿಗೆ ಹಾಕಿದಂಗೆ, ಯಾಕಂದರೆ ನಾಳೆ ಚಾಸಿಗಾಗಿ ಬಾಡಿ ಎತ್ತಲೇಬೇಕು, ಎತ್ತಿದರೆ ಬಣ್ಣ ಕೆಡುತ್ತೆ.

ಬಿಚ್ಚುವ ಪ್ರತಿ ಹಂತದಲ್ಲೂ ಮೊಬೈಲ್‌ನಲ್ಲಿ ಫೋಟೊ ತೆಗೆಯೋದು ಕಡ್ಡಾಯ. ಬೋಲ್ಟು-ನಟ್ಟುಗಳನ್ನು ಒಂದೇ ಡಬ್ಬಕ್ಕೆ ಸುರಿಯದೆ, ಒಂದೊಂದು ಭಾಗದ್ದನ್ನು ಒಂದೊಂದು ಕವರ್‌ಗೆ ಹಾಕಿ ಹೆಸರು ಬರೆದಿಡಬೇಕು. ಕೆಲಸ ನಡುವೆ ನಿಂತು ಆರು ತಿಂಗಳಾದ ಮೇಲೆ ಯಾವ ಬೋಲ್ಟ್ ಎಲ್ಲಿದು ಅಂತ ದೇವರಿಗೂ ಗೊತ್ತಿರಲ್ಲ. ಅರ್ಧಕ್ಕೆ ನಿಂತು ಗುಜರಿ ಸೇರುವ ಕಾರುಗಳಲ್ಲಿ ಬಹುಪಾಲು ಕೆಡುವುದು ಹೀಗೇ.

ಡಾಲ್ಫಿನ್‌ನ ಬಾಡಿ ಹಗುರ. ಬಾಗಿಲು, ಗಾಜು, ಸೀಟು ತೆಗೆದರೆ ಆಳುಗಳೇ ಎತ್ತಬಹುದು, ಇಲ್ಲವೇ ಬೋರ್ ಮೋಟರ್ ಎತ್ತುವ ಚೈನ್ ಪುಲ್ಲಿ ಬಳಸಬಹುದು. ಎತ್ತುವ ಮುಂಚೆ ಬಾಗಿಲಿನ ಜಾಗಕ್ಕೆ ಅಡ್ಡಲಾಗಿ ಮರದ ಪಟ್ಟಿ ಬಿಗಿಯಬೇಕು. ಚಾಸಿಯ ಆಸರೆ ತಪ್ಪಿದ ಫೈಬರ್ ಬಾಡಿ ಸೊಟ್ಟಗಾಗುತ್ತೆ. ಒಮ್ಮೆ ಸೊಟ್ಟಗಾದರೆ ಆಮೇಲೆ ಬಾಗಿಲು ಕೂರುವುದೇ ಇಲ್ಲ. ಇಳಿಸಿದ ಬಾಡಿಯನ್ನು ಬಿಸಿಲಿಗೆ ಬಿಡದೆ, ಸಮತಟ್ಟಾದ ಹಲಗೆ ಮೇಲೆ ಇಡಬೇಕು.

ಚಾಸಿಗೆ ಮೂಲೆಮಟ್ಟ

ಇನ್ನು ಬರಿ ಚಾಸಿ. ಇಲ್ಲಿ ಗಾರೆ ಮೇಸ್ತ್ರಿಗಳ ಉಪಾಯವೇ ಕೆಲಸಕ್ಕೆ ಬರುತ್ತೆ. ಮನೆಗೆ ಪಾಯ ಗುರುತು ಹಾಕುವಾಗ ಮೂಲೆಯಿಂದ ಮೂಲೆಗೆ ಅಡ್ಡ ಅಳತೆ ಹಿಡಿದು, ಎರಡೂ ಸಮ ಬಂದರೆ ಮಾತ್ರ ಮೂಲೆಮಟ್ಟ ಸರಿ ಅಂತಾರಲ್ಲ, ಅದೇ ಲೆಕ್ಕ. ಚಾಸಿಯನ್ನು ಸಮ ನೆಲದ ಮೇಲೆ ನಾಲ್ಕು ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಎಡ-ಬಲದ ಒಂದೇ ಬಗೆಯ ತೂತುಗಳಿಂದ ತೂಗುಗುಂಡು ಬಿಟ್ಟು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿ, ಟೇಪು ಹಿಡಿಯಬೇಕು. ಅಡ್ಡ ಅಳತೆಗಳು ಹೊಂದದಿದ್ದರೆ ಗಾಡಿ ಯಾವಾಗಲೋ ಆಕ್ಸಿಡೆಂಟ್ ಆಗಿದೆ ಅಂತಲೇ ತಿಳಿಯಬೇಕು. ಸೊಟ್ಟ ಚಾಸಿ ಮೇಲೆ ಎಷ್ಟು ಖರ್ಚು ಮಾಡಿದರೂ ಕಾರು ಒಂದು ಕಡೆಗೆ ಎಳೆಯುತ್ತೆ, ಟೈರ್ ಒಂದೇ ಮಗ್ಗುಲು ಸವೆಯುತ್ತೆ.

ತುಕ್ಕು ತೆಗೆಯೋಕೆ ಸ್ಯಾಂಡ್ ಬ್ಲಾಸ್ಟಿಂಗ್ ಒಳ್ಳೇ ದಾರಿ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಮಾಡುವವರು ಸಿಗುತ್ತಾರೆ. ಮನೆ ಹತ್ತಿರ ಮರಳು ಊದಿಸಿಕೊಂಡು ಮಾಡೋ ಸಾಹಸ ಬೇಡ. ಆ ದೂಳು ಶ್ವಾಸಕೋಶಕ್ಕೆ ಸೇರಿದರೆ ಸಿಲಿಕೋಸಿಸ್. ಕಳಿಸುವ ಮುಂಚೆ ಚಾಸಿ ನಂಬರ್ ಇರುವ ಜಾಗಕ್ಕೆ ದಪ್ಪ ಟೇಪು ಸುತ್ತಿ, ‘ಇಲ್ಲಿ ಹೊಡೆಯಬೇಡಿ’ ಅಂತ ಬರೆದು, ಬಾಯಲ್ಲೂ ಹೇಳಬೇಕು. ಗ್ರೈಂಡರ್ ಅಂತೂ ಆ ಜಾಗದ ಹತ್ತಿರಕ್ಕೂ ಹೋಗಕೂಡದು. ನಂಬರ್ ಅಳಿಸಿಹೋದರೆ ಏನಾಗುತ್ತೆ ಅನ್ನೋದು ಮುಂದೆ ಬರುತ್ತೆ.

ಕೊಳೆತ ಜಾಗದ ಮೇಲೆ ತಗಡು ಅಂಟಿಸಿ ವೆಲ್ಡ್ ಮಾಡೋದು ನಮ್ಮ ಕಡೆ ರೂಢಿ. ಟ್ರೈಲರ್‌ಗೆ ನಡೆಯುತ್ತೆ, ಕಾರಿಗೆ ಸಲ್ಲ. ಎರಡು ತಗಡಿನ ನಡುವೆ ನೀರು ನಿಂತು ತುಕ್ಕು ಇನ್ನೂ ಜೋರಾಗುತ್ತೆ. ಗಟ್ಟಿ ಕಬ್ಬಿಣ ಸಿಗುವವರೆಗೂ ಕತ್ತರಿಸಿ ತೆಗೆದು, ಅದೇ ದಪ್ಪದ ಹೊಸ ತುಂಡು ಕೂರಿಸಿ, ಅಂಚಿಗೆ ಅಂಚು ಸೇರಿಸಿ ವೆಲ್ಡ್ ಮಾಡಬೇಕು. ಒಂದೇ ಉಸಿರಿಗೆ ಉದ್ದಕ್ಕೂ ಹೊಡೆದರೆ ಶಾಖಕ್ಕೆ ಚಾಸಿ ಬಾಗುತ್ತೆ. ಆ ಕಡೆ ಒಂದಿಷ್ಟು, ಈ ಕಡೆ ಒಂದಿಷ್ಟು, ಆರಲು ಬಿಟ್ಟು ಮತ್ತೆ, ಹೀಗೆ ಸಾಗಬೇಕು. ಪ್ರತಿ ಸಲ ಅಡ್ಡ ಅಳತೆ ಹಿಡಿಯಬೇಕು. ಡಬ್ಬಿಯಾಕಾರದ ಭಾಗಗಳು ಒಳಗಿನಿಂದ ಕೊಳೆಯುತ್ತವೆ, ಹಾಗಾಗಿ ಹೊರಗೆ ಎಪಾಕ್ಸಿ ಪ್ರೈಮರ್ ಹಾಕಿದರೆ ಮುಗಿಯಲಿಲ್ಲ. ಒಳಗೂ ಮೇಣ ಬೆರೆತ ತುಕ್ಕುನಿರೋಧಕ ಎಣ್ಣೆ ಹಾಯಿಸಬೇಕು, ನೀರು ಇಳಿಯುವ ತೂತುಗಳನ್ನು ಮುಚ್ಚಬಾರದು.

ಈ ವೆಲ್ಡಿಂಗ್ ಕೆಲಸಕ್ಕೆ ಬೆಂಗಳೂರಿಗೇ ಹೋಗಬೇಕಂತಿಲ್ಲ. ಟ್ರ್ಯಾಕ್ಟರ್, ಬೋರ್‌ವೆಲ್ ಲಾರಿ ರಿಪೇರಿಯಲ್ಲಿ ಪಳಗಿದ ಕೈಗಳು ನಮ್ಮ ತಾಲ್ಲೂಕುಗಳಲ್ಲೇ ಇವೆ. ಅವರಿಗೆ ಬೇಕಿರೋದು ತೆಳು ತಗಡಿಗೆ ಹೊಂದುವ ಮಿಗ್ ವೆಲ್ಡಿಂಗ್ ಮೆಷಿನ್ ಮತ್ತು ಅವಸರ ಮಾಡದ ಗಿರಾಕಿ.

ನಮ್ಮ ಬೋರ್ ನೀರು, ಅದರ ಇಂಜಿನ್

ಡಾಲ್ಫಿನ್‌ನ ಇಂಜಿನ್ ಅಲ್ಯೂಮಿನಿಯಂನದು. ಅದರೊಳಗೆ ಎರಕದ ಕಬ್ಬಿಣದ ಲೈನರ್‌ಗಳು, ಅವುಗಳ ಸುತ್ತ ನೇರವಾಗಿ ನೀರು. ಇಂಥ ಇಂಜಿನ್ ರೇಡಿಯೇಟರ್‌ಗೆ ನಮ್ಮ ಕಡೆಯ ಬೋರ್ ನೀರು ಸುರಿಯೋದು ವಿಷ ಹಾಕಿದಂತೆ. ಬಿಂದಿಗೆ ತಳದಲ್ಲಿ ಕೂರುವ ಬಿಳಿ ಪದರ ಒಳಗೂ ಕೂರುತ್ತೆ. ನೀರು ಹರಿಯೋ ದಾರಿ ಕಟ್ಟಿ, ಇಂಜಿನ್ ಬಿಸಿಯಾಗಿ, ಹೆಡ್ ಗ್ಯಾಸ್ಕೆಟ್ ಹೋಗುತ್ತೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಜೊತೆ ಅಲ್ಯೂಮಿನಿಯಂಗೆ ಹೊಂದುವ ಕೂಲೆಂಟ್ ಬೆರೆಸಿ ಹಾಕಬೇಕು. ಹೆಡ್ ಬೋಲ್ಟನ್ನು ಅಂದಾಜಿನ ಮೇಲೆ ಬಿಗಿಯುವಂತಿಲ್ಲ, ಟಾರ್ಕ್ ಸ್ಪ್ಯಾನರ್ ಬೇಕೇ ಬೇಕು. ಕಬ್ಬಿಣದ ಬ್ಲಾಕಿನ ಇಂಜಿನ್ ಸಹಿಸಿಕೊಳ್ಳೋದನ್ನ ಇದು ಸಹಿಸಲ್ಲ.

ಇದೇ ಇಂಜಿನ್ ಇಂಗ್ಲೆಂಡಿನ ರಿಲಯಂಟ್ ರಾಬಿನ್ ಮೂರು ಚಕ್ರದ ಕಾರಿಗೂ ಬರುತ್ತಿತ್ತು. ಅಲ್ಲಿ ಆ ಗಾಡಿಗಳ ಅಭಿಮಾನಿ ಸಂಘಗಳು ಇರುವುದರಿಂದ ಗ್ಯಾಸ್ಕೆಟ್, ಬೇರಿಂಗ್‌ನಂಥ ಸಾಮಾನಿಗೆ ದಾರಿಯಿದೆ. ಉಳಿದದ್ದಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ.

ಹೊಸ ತಲೆನೋವು ಪೆಟ್ರೋಲ್. ಈಗ ಬಂಕಿನಲ್ಲಿ ಸಿಗೋದು ಶೇ 20ರಷ್ಟು ಎಥನಾಲ್ ಬೆರೆತ ಇ20. ಹಳೇ ರಬ್ಬರ್ ಪೈಪು, ಕಾರ್ಬುರೇಟರ್‌ನ ವಾಷರ್‌ಗಳನ್ನು ಇದು ಮೆತ್ತಗೆ ಮಾಡುತ್ತೆ, ತೇವವನ್ನೂ ಎಳೆದುಕೊಳ್ಳುತ್ತೆ. ಪೆಟ್ರೋಲ್ ಲೈನಿನ ರಬ್ಬರನ್ನೆಲ್ಲ ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸದೆ ಗಾಡಿ ಓಡಿಸಿದರೆ ಬೆಂಕಿಯ ಭಯ, ಅದರಲ್ಲೂ ಫೈಬರ್ ಬಾಡಿ ಹೊತ್ತಿದರೆ ನಿಲ್ಲಲ್ಲ. ಹಳೇ ಟ್ಯಾಂಕ್ ತೂತಾಗಿದೆ ಅಂತ ಖಾಲಿ ಮಾಡಿ ವೆಲ್ಡ್ ಮಾಡಿಸಲು ಹೋಗಬಾರದು. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ಸಿಡಿಯುತ್ತೆ.

ಬಾಡಿ ಕೆಲಸಕ್ಕೆ ಟಿಂಕರಿಂಗ್ ಮಾಡುವವರಿಗಿಂತ ಫೈಬರ್ ತೊಟ್ಟಿ, ಫೈಬರ್ ಮೂರ್ತಿ ಮಾಡುವವರು ವಾಸಿ. ಬಿರುಕಿನ ಮೇಲೆ ಪುಟ್ಟಿ ಬಳಿದರೆ ಮೂರು ತಿಂಗಳಲ್ಲಿ ಮತ್ತೆ ಬಾಯಿಬಿಡುತ್ತೆ. ಬಿರುಕನ್ನು ಉಜ್ಜಿ ಅಗಲ ಮಾಡಿ, ಒಳಗಡೆಯಿಂದ ಮ್ಯಾಟ್ ಮತ್ತು ರೆಸಿನ್ ಹಾಕಬೇಕು. ಇನ್ನೊಂದು ವಿಷಯಕ್ಕೆ ಎಲೆಕ್ಟ್ರಿಷಿಯನ್‌ಗಳು ತಲೆ ಕೆಡಿಸಿಕೊಳ್ಳುತ್ತಾರೆ: ತಗಡಿನ ಕಾರಿನಲ್ಲಿ ಬಾಡಿಯೇ ಅರ್ಥ್. ಫೈಬರ್‌ನಲ್ಲಿ ಕರೆಂಟ್ ಹರಿಯಲ್ಲ, ಹಾಗಾಗಿ ಪ್ರತಿ ಲೈಟಿಗೂ, ಹಾರ್ನಿಗೂ ಚಾಸಿಗೆ ಬೇರೆ ಅರ್ಥ್ ವೈರ್ ಬೇಕು. ಇಂಡಿಕೇಟರ್ ಹಾಕಿದರೆ ಹೆಡ್‌ಲೈಟ್ ಮಿಣುಕುತ್ತಿದೆ ಅಂದರೆ ಬಲ್ಬ್ ಬದಲಿಸೋದು ಬಿಟ್ಟು ಅರ್ಥ್ ನೋಡಿ. ಬ್ರೇಕಿನ ರಬ್ಬರ್, ಸಿಲಿಂಡರ್, ಪೈಪು ಎಲ್ಲವೂ ಹೊಸದೇ ಆಗಬೇಕು, ಅದರಲ್ಲಿ ಚೌಕಾಸಿ ಇಲ್ಲ.

ಕಾಗದ ಇಲ್ಲದ ಕಾರು ಬರೀ ಕಬ್ಬಿಣ

ಹಲವರ ತಲೆಯಲ್ಲಿ ಹದಿನೈದು ವರ್ಷ ದಾಟಿದ ಗಾಡಿ ಗುಜರಿಗೇ ಅಂತ ಕೂತಿದೆ. ವಯಸ್ಸಿನ ಮೇಲೆ ಖಾಸಗಿ ಗಾಡಿ ತಡೆಯುವ ಆ ನಿಯಮ ದೆಹಲಿ ಸುತ್ತಿನದು. ಕರ್ನಾಟಕದಲ್ಲಿ ಖಾಸಗಿ ಕಾರಿಗೆ 15 ವರ್ಷದ ನಂತರ ತಪಾಸಣೆ ಮಾಡಿಸಿ, ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಳ್ಳಬಹುದು. ಆದರೆ ಖರ್ಚು ಏರಿದೆ. 2025ರ ಆಗಸ್ಟ್‌ನ ಕೇಂದ್ರ ಸರ್ಕಾರದ ತಿದ್ದುಪಡಿಯಂತೆ 20 ವರ್ಷ ದಾಟಿದ ಕಾರಿಗೆ ನವೀಕರಣ ಶುಲ್ಕ 10,000 ರೂಪಾಯಿ, ಬೈಕಿಗೆ 2,000, ವಿದೇಶದಿಂದ ಆಮದಾದ ಕಾರಿಗೆ 80,000, ಜಿಎಸ್‌ಟಿ ಬೇರೆ. ಅವಧಿ ಮುಗಿದ ಮೇಲೆ ತಡ ಮಾಡಿದರೆ ಕಾರಿಗೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ. ವರ್ಷಗಟ್ಟಲೆ ಆರ್‌ಸಿ ಸತ್ತು ಮಲಗಿದ ಕಾರನ್ನು ‘ಬಿಟ್ಟಿ ಸಿಕ್ತು’ ಅಂತ ತಂದವರಿಗೆ ಈ ಲೆಕ್ಕವೇ ಕಾರಿನ ಬೆಲೆಯನ್ನು ಮೀರಬಹುದು. ಕೊಳ್ಳುವ ಮುಂಚೆಯೇ ಆರ್‌ಸಿ ಪ್ರತಿ ಹಿಡಿದು ಮಧುಗಿರಿ ಆರ್‌ಟಿಒ ಕಚೇರಿಯಲ್ಲಿ ಒಟ್ಟು ಎಷ್ಟಾಗುತ್ತೆ ಅಂತ ಕೇಳಿಕೊಳ್ಳೋದು ಜಾಣತನ. ಹಳೇ ಪುಸ್ತಕದ ಆರ್‌ಸಿ ಆಗಿದ್ದರೆ ಕಂಪ್ಯೂಟರ್‌ನಲ್ಲಿ ದಾಖಲೆ ಇದೆಯೋ ಇಲ್ಲವೋ ಅದನ್ನೂ ಕೇಳಬೇಕು; ಇಲ್ಲದಿದ್ದರೆ ನೋಂದಣಿ ಆದ ಮೂಲ ಕಚೇರಿಯಲ್ಲಿ ಹಾಕಿಸಿಕೊಂಡು ಬರಬೇಕು.

‘ವಿಂಟೇಜ್ ಅಂತ ಮಾಡಿಸಿಬಿಡೋಣ’ ಅನ್ನುವವರೂ ಇದ್ದಾರೆ. 2021ರ ಜುಲೈನಲ್ಲಿ ಬಂದ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಬೈಕು, ಕಾರುಗಳಿಗೆ ಮಾತ್ರ ಅದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ ಚಾಲ್ತಿ, ನವೀಕರಣಕ್ಕೆ 5,000. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ ಬರುತ್ತೆ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದಕ್ಕೆ ಹೊರತು ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗೂ ಬಿಡುವಂತಿಲ್ಲ. 1960ರ ದಶಕದ ಹೆರಾಲ್ಡ್‌ಗೆ ಈ ದಾರಿ ಉಂಟು. 1982ರ ಡಾಲ್ಫಿನ್‌ಗೆ 50 ತುಂಬೋದು 2032ಕ್ಕೆ. ಅಲ್ಲಿವರೆಗೆ ಮಾಮೂಲಿ ಆರ್‌ಸಿಯೇ ಗತಿ.

ಆ ನಿಯಮದಲ್ಲಿ ಇನ್ನೊಂದು ಮಾತಿದೆ. ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಮಾಮೂಲಿ ಗಾಡಿಗೂ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತೆ. ಕಂಪನಿ ಕೊಟ್ಟ ರೂಪವನ್ನು ಇಷ್ಟಬಂದಂತೆ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. “ಹಳೇ ಇಂಜಿನ್ ಯಾಕೆ ಸ್ವಾಮಿ, ಮಾರುತಿದು ಕೂರಿಸ್ಬಿಡೋಣ, ಸ್ಪೇರ್ಸು ಎಲ್ಲಾ ಕಡೆ ಸಿಗುತ್ತೆ” ಅನ್ನೋ ಸಲಹೆ ಗ್ಯಾರೇಜಿನಲ್ಲಿ ಬರುತ್ತೆ. ಓಡೋದಂತೂ ಓಡುತ್ತೆ. ಆದರೆ ಆರ್‌ಟಿಒ ಅನುಮತಿ ಇಲ್ಲದೆ ಮಾಡಿದರೆ ಆರ್‌ಸಿಯಲ್ಲಿ ಒಂದು ಇಂಜಿನ್, ಗಾಡಿಯಲ್ಲಿ ಇನ್ನೊಂದು. ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸ್‌ನವರು ಮೊದಲು ಹಿಡಿಯೋದು ಅದನ್ನೇ.

ಚಾಸಿ ನಂಬರಿನ ವಿಷಯ ಇನ್ನೂ ಗಂಭೀರ. ಅಳಿಸಿಹೋಗಿದ್ದರೆ, ಲೇತ್ ಅಂಗಡಿಯಲ್ಲಿ ಪಂಚ್ ತಂದು ಹೊಸದಾಗಿ ಹೊಡೆಸಿಕೊಂಡರೆ ಅದು ಕಳುವಾದ ಗಾಡಿಯ ಲಕ್ಷಣ. ಪೊಲೀಸ್ ಕೇಸಿನಲ್ಲಿ ಓನರ್ ಜೊತೆ ಹೊಡೆದುಕೊಟ್ಟ ಅಂಗಡಿಯವರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಚಾಸಿ ಪೂರಾ ಕೊಳೆತು ಬದಲಿಸಲೇಬೇಕು ಅಂದರೆ, ಕತ್ತರಿಸುವ ಮುಂಚೆ ಆರ್‌ಟಿಒಗೆ ಬರೆದುಕೊಟ್ಟು ಅನುಮತಿ ಪಡೆಯಬೇಕು. ಗುಜರಿಯಿಂದ ಬೇರೆ ಚಾಸಿ ತಂದು ಹಳೇ ಪ್ಲೇಟು ಅಂಟಿಸೋ ಕೆಲಸಕ್ಕೆ ಯಾವ ಮೆಕ್ಯಾನಿಕ್ಕೂ ಕೈ ಹಾಕದಿರೋದು ವಾಸಿ.

ಹಿಂದೂಪುರದ ಗಾಡಿ ತರುವವರಿಗೆ

ಮಧುಗಿರಿಗೂ ಹಿಂದೂಪುರಕ್ಕೂ ನಡುವೆ ಇರೋ ಕೊಡಿಗೇನಹಳ್ಳಿ ಕಡೆಯವರಿಗೆ ಆಂಧ್ರದ ಗಾಡಿ ಸಿಗೋದು ಸುಲಭ. ತರೋದು ಅರ್ಧ ಗಂಟೆ ಕೆಲಸ, ಕಾಗದ ಮಾಡಿಸೋದು ತಿಂಗಳುಗಳ ಕೆಲಸ. ಮಾರುವವರು ಅಲ್ಲಿನ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ ತೆಗೆಸಿಕೊಡಬೇಕು. ಹೆಸರು ಬದಲಾವಣೆಗೆ ಫಾರಂ 29, 30. ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಉಳಿದರೆ ಇಲ್ಲಿನ ನಂಬರ್ ಆಗಲೇಬೇಕು, ಅಂದರೆ ನಮ್ಮ ಕೆಎ 64, ತೆರಿಗೆಯೂ ಬರುತ್ತೆ. ಅಡ್ವಾನ್ಸ್ ಕೊಡುವ ಮುಂಚೆ ಒಂದು ಬಿಳಿ ಹಾಳೆ, ಒಂದು ಪೆನ್ಸಿಲ್ ತೆಗೆದುಕೊಂಡು ಹೋಗಿ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆದು ಆರ್‌ಸಿ ಜೊತೆ ಒಂದೊಂದೇ ಅಂಕಿ ಹೋಲಿಸಬೇಕು. ಬಾನೆಟ್ ಅಡಿಯ ಪ್ಲೇಟನ್ನು ಕಿತ್ತು ಬೇರೆ ಗಾಡಿಗೆ ಹಾಕಬಹುದು, ಆದ್ದರಿಂದ ಚಾಸಿ ಕಬ್ಬಿಣದ ಮೇಲೆ ಒತ್ತಿರೋ ನಂಬರನ್ನೇ ನೋಡಬೇಕು. ಮಾರುವವರು ‘ಮೂಲ ಓನರ್ ತೀರಿಹೋಗಿದಾರೆ, ಸಹಿ ಆಮೇಲೆ ನೋಡೋಣ’ ಅಂದರೆ ವಾರಸುದಾರರ ಹೆಸರಿಗೆ ಆರ್‌ಸಿ ಬಂದ ಮೇಲೆ ವ್ಯವಹಾರ.

ಗುಜರಿ ಅಂಗಡಿಯವರಿಗೂ ಒಂದು ಮಾತು: ಗಾಡಿ ಒಡೆಯುವ ಮುಂಚೆ ಆರ್‌ಸಿ ರದ್ದಾಗಿದೆಯೇ ನೋಡಬೇಕು. ನಂಬರ್ ಇರುವ ಚಾಸಿ ತುಂಡು ಬೇರೆಯವರ ಕೈ ಸೇರಿದರೆ ಅದು ನಾಳೆ ಇನ್ಯಾವುದೋ ಗಾಡಿ ಮೇಲೆ ಕಾಣಿಸಿಕೊಳ್ಳುತ್ತೆ, ಪೊಲೀಸರು ಹುಡುಕಿಕೊಂಡು ಬರೋದು ಅಂಗಡಿಗೇ.

ಗ್ಯಾರೇಜಿನವರು ಒಪ್ಪಿಕೊಳ್ಳುವಾಗ ಮೊದಲು ಚಾಸಿ ಕೆಲಸಕ್ಕೆ ಮಾತ್ರ ಎಸ್ಟಿಮೇಟ್ ಬರೆದುಕೊಡೋದು ಇಬ್ಬರಿಗೂ ಕ್ಷೇಮ. ಬ್ಲಾಸ್ಟಿಂಗ್ ಆಗುವವರೆಗೆ ಎಷ್ಟು ಕೊಳೆತಿದೆ ಅಂತ ಯಾರೂ ಹೇಳಲಾರರು. ಮುಗಿದ ಮೇಲೆ ಹೇಗೆ ಕಾಣಬೇಕು ಅಂತ ನೋಡಬೇಕಿದ್ದರೆ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದವರ ‘ಪಯಣ’ ಕಾರು ಸಂಗ್ರಹಾಲಯ ಇದೆ. ಅಲ್ಲಿಗೆ ಹೋದವರು ಬಣ್ಣದ ಜೊತೆಗೆ ಸ್ವಲ್ಪ ಬಗ್ಗಿ ಚಕ್ರದ ಹಿಂದೆ ಏನಿದೆ ಅಂತಲೂ ನೋಡಿಕೊಂಡು ಬರಬಹುದು.